ಯುಯು ಕೇಳದ ಊರು

ಖುಷಿಗೆ ಓಡುವುದಂತೆ! ಇಪ್ಪತ್ತೊಂದು ಕಿಲೋಮೀಟರು, ಅದರಲ್ಲಿ ಅರ್ಧಕ್ಕೂ ಹೆಚ್ಚು ಏರು, ಜೊತೆಗೆ ಹೋದ ಚಳಿಗಾಲದಲ್ಲಷ್ಟೇ ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಅಪ್ಪ. ಇದರಲ್ಲಿ ಖುಷಿ ಎಲ್ಲಿದೆ ಎಂದು ತಮ್ಮ ಲೂನಿಸ್‌ನನ್ನು ಕೇಳಿದರೆ, "ಕೊನೇಲಿ ಯೆಮ್ಮಾ ಮಾಡಿಡೋ ಕುಸ್‌ಕುಸ್‌ನಲ್ಲಿದೆ ಅಕ್ಕಾ" ಎಂದ. ಅವನಿಗೆ ಎಲ್ಲದಕ್ಕೂ ಹೊಟ್ಟೆಯೇ ಉತ್ತರ.

ಪ್ರತಿ ವಸಂತದಲ್ಲಿ ನಮ್ಮ ಕಬೀಲಿಯಾ ಬೆಟ್ಟಗಳಲ್ಲಿ ಈ ಓಟ ನಡೆಯುತ್ತದೆ. ಕೆಳಗೆ ಹೊಳೆಯ ಸೇತುವೆಯಲ್ಲಿ ಹೊರಟು, ಗುಡ್ಡದ ನೆತ್ತಿಗೊಂದರಂತೆ ಕೂತ ಊರುಗಳನ್ನು ಹಾದು, ಅಪ್ಪ ಹುಟ್ಟಿದ ಅಗೂನಿಯಲ್ಲಿ ಮುಗಿಯುತ್ತದೆ. ಕಪ್ ಗೆಲ್ಲುವ ತೆಳ್ಳನೆಯ ಹುಡುಗರು ಬೇರೆ ಇದ್ದಾರೆ. ನಾವು ಓಡುವುದು ಮನೆಮಂದಿ ಸೇರಿ, ಒಬ್ಬರನ್ನೊಬ್ಬರು ಛೇಡಿಸಿಕೊಂಡು, ದಾರಿಯಲ್ಲಿ ಕೊಟ್ಟದ್ದನ್ನು ತಿಂದುಕೊಂಡು. ಹೋದ ವರ್ಷದವರೆಗೆ ನನಗೂ ಅದು ಹಬ್ಬದಂತೆಯೇ ಇತ್ತು.

ಅಪ್ಪ, ಎಂದರೆ ನಾವು ವಾವಾ ಎನ್ನುವ ಮೆಝ್ಯಾನ್, ಇದೇ ದಾರಿಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವರು. ಡಾಕ್ಟರು ದಿನಾ ನಡೆಯಿರಿ ಎಂದದ್ದನ್ನು ತಮಗೆ ಬೇಕಾದಷ್ಟು ಹಿಗ್ಗಿಸಿಕೊಂಡು ಈ ಸಲವೂ ಓಡುತ್ತೇನೆಂದು ಹಟ ಹಿಡಿದರು. ಲೂನಿಸ್ ಸುಮ್ಮನಿರಲಾರದೆ ಕೆಂಪು ಬಣ್ಣದ ಬೂಟು ತಂದುಕೊಟ್ಟ. ಅದನ್ನು ಮೆಟ್ಟಿಕೊಂಡು ಅಪ್ಪ ಮದುಮಗನ ಹಾಗೆ ಮನೆಯ ತುಂಬ ಓಡಾಡಿದರು. ಯೆಮ್ಮಾ, ಎಂದರೆ ಅಮ್ಮ ಫೆರ್ರೂಜಾ, ಮಾತ್ರ ನನ್ನನ್ನು ಅಡುಗೆಮನೆಗೆ ಕರೆದು ಮಣಿಕಟ್ಟು ಹಿಡಿದುಕೊಂಡಳು. "ನೀನು ಅವರ ಪಕ್ಕ ಬಿಟ್ಟು ಕದಲಬಾರದು, ದೆಹ್ಬಿಯಾ. ಲೂನಿಸ್‌ನ ನಂಬಲ್ಲ ನಾನು. ಅವನನ್ನ ನೋಡ್ಕೊಳ್ಳೋಕೇ ಒಬ್ರು ಬೇಕು." ಕದಲುವುದಿಲ್ಲ ಎಂದು ಮಾತು ಕೊಟ್ಟೆ.

ನಾನು ತಿಝಿ ಉಝು ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟವಳು. ಎದೆ ಹಿಡಿದಾಗ ನಾಲಿಗೆಯ ಕೆಳಗಿಡುವ ಮಾತ್ರೆಯನ್ನು ದಿನವೂ ಮಾರುತ್ತೇನೆ. ಕೊಂಡವರಲ್ಲಿ ಎಷ್ಟೋ ಜನ ಎರಡನೆಯ ಸಲ ಬರುವುದಿಲ್ಲ. ಅಂಥದ್ದನ್ನೆಲ್ಲ ತಿಳಿದವಳಿಗೆ ಹೆದರಿಕೆ ಜಾಸ್ತಿ. ಅದೇ ಮಾತ್ರೆಯ ಡಬ್ಬಿ ಅಂದು ನನ್ನ ಸೊಂಟದ ಚೀಲದಲ್ಲಿತ್ತು. ಅಪ್ಪ ತಮ್ಮ ಜೇಬಿಗೆ ಹಾಕಿಕೊಳ್ಳಲು ಒಪ್ಪಲಿಲ್ಲ, ಕುಣಿದು ಸದ್ದು ಮಾಡುತ್ತದಂತೆ.

"ಏರು ಬಂದ್ರೆ ನಡೀಬೇಕು, ಓಡಬಾರದು. ಸುಸ್ತಾದ್ರೆ ಅಲ್ಲೇ ಕೂತುಬಿಡಬೇಕು. ಕೇಳಿಸ್ತಾ ವಾವಾ?" ಎಂದೆ, ಸೇತುವೆಯ ಮೇಲೆ ನಿಂತು.

"ಕೂರೋದಾ? ನಡುದಾರೀಲಿ ಬಸ್ ನಿಲ್ಲಿಸಿದ ಡ್ರೈವರ್ ಅಲ್ಲ ನಾನು."

"ಇದು ಬಸ್ಸಲ್ಲ, ನಿಮ್ಮ ಎದೆ."

"ಎರಡೂ ಹಳೇ ಇಂಜಿನ್ನೇ. ಎರಡನೇ ಗೇರಲ್ಲಿ ಹೋಗ್ತೀನಿ, ಆಯ್ತಾ? ತಿಝಿ ಉಫೆಲ್ಲಾದಲ್ಲಿ ಅಕ್ಲಿ ಕಾಫಿ ಇಟ್ಕೊಂಡು ಕಾಯ್ತಿರ್ತಾನೆ. ಅಲ್ಲಿ ಬೇಕಾದ್ರೆ ಕೂರೋಣ."

ಅಕ್ಲಿ ಎಂದರೆ ಅಪ್ಪನ ಬಸ್ಸಿನ ಕಂಡಕ್ಟರ್ ಆಗಿದ್ದವರು. ನಾನು ಚಿಕ್ಕವಳಿದ್ದಾಗ ಟಿಕೆಟ್ ಚೀಲದಿಂದ ನನಗೆ ಮಿಠಾಯಿ ತೆಗೆದುಕೊಡುತ್ತಿದ್ದರು. ಓಟದ ದಿನ ತಪ್ಪದೆ ಅವರ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದೇ ಮುಂದೆ ಹೋಗುವುದು ನಮ್ಮ ವಾಡಿಕೆ.

ಹೊರಟೆವು. ಲೂನಿಸ್ ಮೊದಲ ಏರಿನಲ್ಲೇ ಹಿಂದೆ ಬಿದ್ದ. "ನೀವು ಹೋಗ್ರೀ, ನಾನು ಹಿಂದಿನಿಂದ ಕಾವಲು ಬರ್ತೀನಿ" ಎಂದು ಕೂಗಿದ. ನಾನು ಅಪ್ಪನ ಮೊಣಕೈಗೆ ಅಂಟಿಕೊಂಡಂತೆ ಓಡಿದೆ. ಅವರ ಉಸಿರು ಎಣಿಸುವುದೇ ನನ್ನ ಕೆಲಸವಾಯಿತು. ಕೆಮ್ಮಿದರೆ ತಿರುಗಿ ನೋಡುತ್ತಿದ್ದೆ, ಕೆಮ್ಮದಿದ್ದರೂ ತಿರುಗಿ ನೋಡುತ್ತಿದ್ದೆ. ಆಶ್ ಮರಗಳು ಚಿಗುರಿದ್ದವು, ಜುರ್ಜುರಾ ಶಿಖರಗಳ ಮೇಲೆ ಹಿಮ ಇನ್ನೂ ಇತ್ತು ಎಂದು ಆಮೇಲೆ ಯಾರೋ ಹೇಳಿದರು. ನಾನು ನೋಡಿದ್ದು ಅಪ್ಪನ ತುಟಿಯ ಬಣ್ಣವನ್ನು ಮಾತ್ರ.

ಊರೊಂದು ಬಂತೆಂದರೆ ಹೆಂಗಸರೆಲ್ಲ ರಸ್ತೆಗೆ ಇಳಿದಿರುತ್ತಾರೆ. ಓಡುವವರು ಕಂಡೊಡನೆ ನಾಲಿಗೆ ಕುಣಿಸಿ ಯುಯು ಕೂಗು ಎಬ್ಬಿಸುತ್ತಾರೆ. ಮದುವೆಗೂ ಅದೇ, ಮಗು ಹುಟ್ಟಿದರೂ ಅದೇ. ಅಪ್ಪನನ್ನು ಕಂಡರಂತೂ ಎರಡು ಪಟ್ಟು. "ಮೆಝ್ಯಾನ್ ಬಂದ! ಹಾರ್ನ್ ಹೊಡಿ ದಾದ್ದಾ ಮೆಝ್ಯಾನ್!" ಎಂದು ಮುದುಕಿಯರೂ ಅಣ್ಣನನ್ನು ಕರೆದಂತೆ ಕೂಗುತ್ತಿದ್ದರು. ಅಪ್ಪ ಬಾಯಿಗೆ ಕೈಯಿಟ್ಟು "ಪೋಂ ಪೋಂ" ಎಂದು ಬಸ್ಸಿನ ಹಾರ್ನಿನಂತೆ ಊದುತ್ತಿದ್ದರು. ಉಸಿರು ಉಳಿಸಿಕೊಳ್ಳಿ ಎಂದು ನಾನು ಗದರಿದರೆ, "ಹಾರ್ನ್ ಹೊಡೀದೆ ತಿರುವಲ್ಲಿ ಹೋಗಬಾರದು, ರೂಲ್ಸ್" ಎನ್ನುತ್ತಿದ್ದರು.

ಇಘಿಲ್ ಎಂಬ ಊರಿನಲ್ಲಿ ನನ್ನ ಗ್ರಹಚಾರ ಕಾದು ನಿಂತಿತ್ತು. ಅಮ್ಮನ ದೊಡ್ಡಮ್ಮನ ಮಗಳು, ನನಗೆ ಖಾಲ್ತಿ ಅಂದರೆ ಚಿಕ್ಕಮ್ಮನಾಗಬೇಕಾದ ಶಾಭಾ, ಸೊಂಟಕ್ಕೆ ಪಟ್ಟೆಪಟ್ಟೆಯ ಫೂತಾ ಬಟ್ಟೆ ಸುತ್ತಿ, ಕೈಯಲ್ಲಿ ಎಣ್ಣೆ ಸುರಿದ ಒಣ ಅಂಜೂರದ ತಟ್ಟೆ ಹಿಡಿದು ರಸ್ತೆಗೆ ಅಡ್ಡ ಬಂದಳು.

"ಅಯ್ಯೋ ನೋಡ್ರೇ, ಫೆರ್ರೂಜಾ ಮಗಳು! ಕಡ್ಡಿ ಹಾಗಾಗಿದೀಯಲ್ಲೇ! ಪೇಟೆಯವರು ಹೊಟ್ಟೆಗೇನೂ ತಿನ್ನಲ್ವಾ?"

"ಖಾಲ್ತಿ, ಬಿಡಿ, ವಾವಾ ಮುಂದೆ ಹೋಗ್ತಿದಾರೆ."

"ಹೋಗ್ಲಿ ಬಿಡೇ, ಅವನಿಗೆ ದಾರಿ ಗೊತ್ತಿಲ್ವಾ? ಹೋದ ಸಲಾನೂ ನನ್ನ ಅಂಜೂರ ಮುಟ್ಟದೇ ಹೋದೆ. ನಾನೇನು ವಿಷ ಹಾಕಿದ್ನಾ?"

ಎರಡು ಕೆನ್ನೆಗೂ ಎರಡೆರಡು ಸಲ ಮುತ್ತಿಟ್ಟಳು. ಆಮೇಲೆ ಅವಳ ಸೊಸೆ ಮುತ್ತಿಟ್ಟಳು. ಸೊಸೆಯ ತಂಗಿಗೂ ಮುತ್ತಿಡಲೇಬೇಕಾಯಿತು. ನಮ್ಮ ಬೆಟ್ಟದಲ್ಲಿ ಕೊಟ್ಟ ತಿನಿಸು ಬೇಡವೆಂದು ಓಡಿಹೋದವಳ ಹೆಸರು ಮೂರು ತಲೆಮಾರಿನವರೆಗೆ ಬಾಯಲ್ಲಿರುತ್ತದೆ. ನಾನು ಬಾಯಿತುಂಬ ಅಂಜೂರ ತುಂಬಿಕೊಂಡು, ಒಂದು ಕೈ ಖಾಲ್ತಿಯ ಮುಷ್ಟಿಯಲ್ಲಿ ಸಿಕ್ಕಿಸಿಕೊಂಡು, ಕತ್ತು ಹೊರಳಿಸಿ ನೋಡುತ್ತಿದ್ದಂತೆಯೇ ಕೆಂಪು ಬೂಟು ತಿರುವಿನಲ್ಲಿ ಮರೆಯಾಯಿತು. ಅಪ್ಪ ಹಿಂದಿರುಗಿ ಕೂಡ ನೋಡಲಿಲ್ಲ. ಶಾಲೆ ತಪ್ಪಿಸಿಕೊಂಡ ಹುಡುಗನ ಓಟ ಅದು. ನನಗೆ ಮೈ ಉರಿಯಿತು.

ಬಿಡಿಸಿಕೊಂಡು ಓಡುವಷ್ಟರಲ್ಲಿ ಅವರು ಎಲ್ಲೂ ಕಾಣಲಿಲ್ಲ. ಆಗ ನೆನಪಾಯಿತು, ಡಬ್ಬಿ ನನ್ನ ಸೊಂಟದಲ್ಲಿದೆ. ಮೂವರ ಫೋನೂ ಅಗೂನಿಯಲ್ಲಿ ಅಮ್ಮನ ಕೈಚೀಲದಲ್ಲಿದ್ದವು. ಭಾರ ಬೇಡವೆಂದು ಅಲ್ಲಿಟ್ಟ ಜಾಣೆ ನಾನೇ.

ದಾರಿ ಹಾವಿನಂತೆ ಸುತ್ತಿ ಮೇಲೇರುತ್ತದೆ. ಒಂದು ತಿರುವು ದಾಟಿದರೆ ಇನ್ನೊಂದು. ಪ್ರತಿ ತಿರುವಿನ ಆಚೆ ಅಪ್ಪ ಚರಂಡಿಯ ಪಕ್ಕ ಬಿದ್ದಿರುತ್ತಾರೆಂದು ಮನಸ್ಸು ಹೇಳುತ್ತಿತ್ತು, ದಾಟಿ ನೋಡಿದರೆ ಬರೀ ರಸ್ತೆ. ಎದುರಾದವರನ್ನೆಲ್ಲ, "ಕೆಂಪು ಬೂಟಿನ ಯಜಮಾನರನ್ನ ನೋಡಿದ್ರಾ?" ಎಂದು ಕೇಳಿದೆ. "ಓಹೋ, ಚೆನ್ನಾಗಿ ಓಡ್ತಿದ್ದಾರೆ!" ಎಂದು ಒಬ್ಬ ಹೊಗಳಿದ. ಏರಿನಲ್ಲಿ ಓಡುತ್ತಿದ್ದಾರೆ! ಅವನ ಕೆನ್ನೆಗೆ ಬಾರಿಸಬೇಕೆನಿಸಿತು.

ಅಷ್ಟರಲ್ಲಿ ಮೇಲಿನ ತಾಲಾ ಊರಿನಿಂದ ಯುಯು ಎದ್ದಿತು. ಕಣಿವೆಯಲ್ಲಿ ಆ ಸದ್ದು ಪಕ್ಕದಲ್ಲೇ ಕೂಗಿದಂತೆ ಕೇಳುತ್ತದೆ. ಅದರ ನಡುವೆ, ತೆಳ್ಳಗೆ, "ಪೋಂ ಪೋಂ." ನಾನು ನಿಂತು ಮಂಡಿಯ ಮೇಲೆ ಕೈಯೂರಿ ದೇವರಿಗೆ ನಮಸ್ಕಾರ ಹೇಳಿದೆ. ಬದುಕಿದ್ದಾರೆ. ಹಾರ್ನ್ ಹೊಡೆಯುವಷ್ಟು ಉಸಿರಿದೆ. ಸರಿ, ಹೀಗೇ ಕೇಳಿಕೊಂಡು ಹೋಗೋಣ ಎಂದುಕೊಂಡೆ. ತಾಲಾ ಆದ ಮೇಲೆ ಕಡಿದಾದ ಏರು, ಅದರ ನೆತ್ತಿಯಲ್ಲಿ ತಿಝಿ ಉಫೆಲ್ಲಾ. ಅಲ್ಲಿ ಇನ್ನೊಮ್ಮೆ ಹಾರ್ನ್ ಕೇಳಿದರೆ ಗೆದ್ದಂತೆ. ಅಲ್ಲಿ ಅಕ್ಲಿ ಹಿಡಿದು ಕೂರಿಸಿಕೊಳ್ಳುತ್ತಾರೆ, ಕಾಫಿ ಕುಡಿಯುವಷ್ಟರಲ್ಲಿ ನಾನು ಮುಟ್ಟಿಬಿಡುತ್ತೇನೆ.

ತಾಲಾದಲ್ಲಿ ನಲ್ಲಿಗೆ ಬಾಯಿಟ್ಟು ನೀರು ಕುಡಿದು ಏರು ಹತ್ತಿದೆ. ಕಿವಿಯನ್ನೆಲ್ಲ ಮೇಲಿಟ್ಟಿದ್ದೆ. ಅಪ್ಪ ಈಗ ಊರ ಬಾಗಿಲಿಗೆ ಬಂದಿರಬೇಕು. ಈಗ ಬಂದಿರಬೇಕು. ಬಸ್ಸಿನ ಕೊನೆಯ ನಿಲ್ದಾಣ ಒಂದು ಕಾಲಕ್ಕೆ ಅದೇ ಆಗಿದ್ದರಿಂದ ತಿಝಿ ಉಫೆಲ್ಲಾದ ಹೆಂಗಸರ ಕೂಗು ಎಲ್ಲ ಊರಿಗಿಂತ ಜೋರು. ಏನೂ ಕೇಳಲಿಲ್ಲ. ನನ್ನ ಮುಂದಿದ್ದ ಓಟಗಾರರು ಒಬ್ಬೊಬ್ಬರಾಗಿ ಆ ತಿರುವನ್ನು ದಾಟಿ ಊರೊಳಗೆ ಹೋಗುತ್ತಿದ್ದದ್ದು ಕೆಳಗಿನಿಂದ ಕಾಣುತ್ತಿತ್ತು. ಯಾರಿಗೂ ಯುಯು ಇಲ್ಲ. ಡೋಲು ಇಲ್ಲ. ಊರಿಗೆ ಊರೇ ಬಾಯಿ ಮುಚ್ಚಿಕೊಂಡಿತ್ತು.

ಇದರ ಅರ್ಥ ಏನೆಂದು ನಮ್ಮಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಊರಿನಲ್ಲಿ ಸಾವಾದರೆ ಹೆಂಗಸರು ಯುಯು ಎತ್ತುವುದಿಲ್ಲ, ಎದುರಿಗೆ ಮದುವೆ ದಿಬ್ಬಣವೇ ಬಂದರೂ ಎತ್ತುವುದಿಲ್ಲ. ತಾಲಾದಿಂದ ಅಪ್ಪ ಹೊರಟಾಗ ಹಾರ್ನ್ ಇತ್ತು. ತಿಝಿ ಉಫೆಲ್ಲಾ ಮುಟ್ಟುವಾಗ ಸದ್ದಡಗಿದೆ. ನಡುವೆ ಇರುವುದು ಇದೊಂದೇ ಏರು. ನಾನು ಓಡಿದೆ. ಏರಿನಲ್ಲಿ ಓಡಬಾರದು ಎಂದವಳು ನಾನೇ, ಬಾಯಲ್ಲಿ ರಕ್ತದ ರುಚಿ ಬರುವವರೆಗೆ ಓಡಿದೆ. ಅಮ್ಮನಿಗೆ ಏನು ಹೇಳಲಿ, ಅಂಜೂರ ತಿನ್ನುತ್ತಿದ್ದೆ ಎನ್ನಲೇ? ಇದೊಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು.

ಊರ ಬಾಗಿಲಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು. ಮುಂದೆ ನೀರಿನ ಬಿಂದಿಗೆ, ಹೆಚ್ಚಿಟ್ಟ ಕಿತ್ತಳೆ ಎಲ್ಲ ಇತ್ತು. ಕೊಡುತ್ತಿದ್ದರು, ಮಾತಾಡುತ್ತಿರಲಿಲ್ಲ. ನಾನು ಏದುಸಿರು ಬಿಡುತ್ತ, "ಮೆಝ್ಯಾನ್... ಡ್ರೈವರ್ ಮೆಝ್ಯಾನ್... ಬಂದ್ರಾ?" ಎಂದೆ.

ಬಿಳಿ ವಸ್ತ್ರ ತಲೆಗೆ ಕಟ್ಟಿದ ಹೆಂಗಸೊಬ್ಬಳು ನನ್ನನ್ನು ದಿಟ್ಟಿಸಿದಳು. "ನೀನು ಅವರಿಗೇನಾಗ್ಬೇಕು?"

"ಮಗಳು."

ಅವಳ ಮುಖವೇ ಬದಲಾಯಿತು. ಪಕ್ಕದವಳನ್ನು ನೋಡಿದಳು. ಪಕ್ಕದವಳು ಕಣ್ಣು ತಗ್ಗಿಸಿದಳು. "ಮೊದಲು ಕೂತ್ಕೋ ಮಗಳೇ" ಎಂದು ನನ್ನ ಹೆಗಲು ಹಿಡಿದಳು. "ಕೂತು ಒಂದು ಗುಟುಕು ನೀರು ಕುಡಿ."

ಕೆಟ್ಟ ಸುದ್ದಿಯನ್ನು ನಿಂತವರಿಗೆ ಹೇಳಬಾರದು, ಕೂರಿಸಿ ನೀರು ಕುಡಿಸಿ ಹೇಳಬೇಕು ಎಂಬುದು ನಮ್ಮ ರೀತಿ. ನನ್ನ ಅಜ್ಜಿ ಹೋದಾಗ ನನ್ನನ್ನೂ ಹೀಗೇ ಕೂರಿಸಿದ್ದರು. ನಾನು ಕೂರಲಿಲ್ಲ. ಕೂತರೆ ಅದು ನಿಜವಾಗಿಬಿಡುತ್ತದೆ ಎನಿಸಿತು.

"ಎಲ್ಲಿ? ಎಲ್ಲಿದ್ದಾರೆ ಹೇಳಿ!"

"ಧೈರ್ಯ ತಗೋ ತಾಯೀ. ದೇವರು ಕೊಟ್ಟಿದ್ದು, ದೇವರು ಕರ್ಕೊಂಡ. ಆ ಮೇಲಿನ ಮನೇಲಿದ್ದಾರೆ."

ಅದು ಅಕ್ಲಿಯವರ ಮನೆ, ಬಿದ್ದ ಅಪ್ಪನನ್ನು ಅಲ್ಲಿಗೇ ಹೊತ್ತೊಯ್ದಿರಬೇಕು ಎಂದುಕೊಂಡೆ. ಆ ಓಣಿಯನ್ನು ಹೇಗೆ ಹತ್ತಿದೆನೋ ನೆನಪಿಲ್ಲ. ಊರ ಹಿರಿಯರು ಕೂಡುವ ತಜ್ಮಾತಿನ ಕಲ್ಲುಕಟ್ಟೆಯ ಮೇಲೆ ಗಂಡಸರು ತಲೆ ತಗ್ಗಿಸಿ ಕೂತಿದ್ದರು. ಎದೆಗೆ ನಂಬರು ಚುಚ್ಚಿಕೊಂಡ ಓಟಗಾರರೂ ಇಬ್ಬರು ಮೂವರು ಅವರ ನಡುವೆ ನಿಂತಿದ್ದರು. ತೆರೆದ ಬಾಗಿಲಿನ ಮುಂದೆ ಕಪ್ಪು ಬೂಟು, ಸವೆದ ಚಪ್ಪಲಿ, ರಬ್ಬರ್ ಚಪ್ಪಲಿಗಳ ರಾಶಿ. ಅವುಗಳ ಪಕ್ಕದಲ್ಲಿ, ಯಾರೋ ಜೋಡಿಸಿಟ್ಟಂತೆ, ಒಂದು ಜೊತೆ ಕೆಂಪು ಬೂಟು.

ಬಿದ್ದವರ ಕಾಲಿನಿಂದ ಬೂಟು ಬಿಚ್ಚಿ ಹೊರಗಿಡುತ್ತಾರೆ. ನನಗೆ ಹೊಳೆದದ್ದು ಅದೊಂದೇ. ಗೋಡೆ ಹಿಡಿದುಕೊಂಡೆ. ಅಮ್ಮನ ಕೈ ನನ್ನ ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದಂತಿತ್ತು. ಒಳಗೆ ಕಾಲಿಟ್ಟೆ.

ಒಳಗೆ ಮಬ್ಬುಗತ್ತಲು. ಚಾಪೆಯ ಮೇಲೆ ಬಿಳಿ ಬಟ್ಟೆ ಹೊದಿಸಿದ ದೇಹ. ಸುತ್ತ ಹೆಂಗಸರು. ತಲೆಯ ಹತ್ತಿರ ಒಬ್ಬ ಗಂಡಸು ಬರಿಗಾಲಿನಲ್ಲಿ ಕೂತಿದ್ದ, ಬೆನ್ನು ಬಾಗಿಸಿ. ಬೆನ್ನಿನ ಮೇಲೆ ಬೆವರಿನ ನಕ್ಷೆ. ಅವನು ಮುಖ ಎತ್ತಿದ.

"ಬಂದ್ಯಾ?" ಎಂದರು ಅಪ್ಪ.

ನಾನು ಅಳಲಿಲ್ಲ. ಹೋಗಿ ಅವರ ತೋಳು ಹಿಡಿದೆ, ಕತ್ತು ಮುಟ್ಟಿದೆ, ಮಣಿಕಟ್ಟಿನಲ್ಲಿ ನಾಡಿ ಹುಡುಕಿದೆ. ಬಡಿಯುತ್ತಿತ್ತು. ಸಂತೋಷವೆಂದರೆ ಸಂತೋಷ, ಕುಣಿಯುವಂಥ ಸಂತೋಷ, ಒಂದು ಹೆಣದ ಪಕ್ಕದಲ್ಲಿ. ಆಮೇಲಷ್ಟೇ ಎದುರಿಗೆ ಕೂತ ಖಾಲ್ತಿ ಜೂಹ್ರಾ ಕಂಡರು, ಅಕ್ಲಿಯವರ ಹೆಂಡತಿ. ಆಮೇಲೆ ಬಟ್ಟೆಯ ಕೆಳಗಿರುವವರು ಯಾರೆಂದು ತಿಳಿಯಿತು. ಬಾಗಿಲಲ್ಲಿ ಆ ಹೆಂಗಸರು ನೀರು ಕುಡಿಸಿ ಹೇಳಲು ಹೊರಟದ್ದು ಅಕ್ಲಿಯ ಸಾವನ್ನು. ನಾನು ಅವರ ಮನೆಯ ಮಗುವಿನಂತೆ ಎಂದು ಊರಿಗೆಲ್ಲ ಗೊತ್ತಿತ್ತು.

"ಬೆಳಗಿನ ಜಾವ ಹೋದರು" ಎಂದರು ಖಾಲ್ತಿ ಜೂಹ್ರಾ, ನನ್ನ ತಲೆ ಸವರುತ್ತ. "ಓಟ ನಿಲ್ಲಿಸೋದು ಬೇಡ, ಬರೋರು ಅತಿಥಿಗಳು, ನೀರು ಕೊಡಿ, ಯುಯು ಮಾತ್ರ ಬೇಡ ಅಂತ ತಜ್ಮಾತಿನೋರು ಹೇಳಿದ್ರು. ನಿಮ್ಮಪ್ಪ ಬಾಗಿಲಿಗೆ ಬಂದು 'ಕಾಫಿ ಎಲ್ಲೋ' ಅಂತ ಕೂಗ್ದ ನೋಡು. ನನಗೆ ತಡ್ಕೊಳ್ಳೋಕಾಗ್ಲಿಲ್ಲ."

ಅಪ್ಪನನ್ನು ಹೊರಗೆ ಅಂಗಳಕ್ಕೆ ಕರೆದುಕೊಂಡು ಬಂದೆ. ಬೈಯಬೇಕೆಂದು ಇಡೀ ಏರಿನಲ್ಲಿ ಕೂಡಿಟ್ಟುಕೊಂಡ ಮಾತುಗಳು ಬಾಯಲ್ಲಿದ್ದವು. ಅವರು ಅಂಜೂರದ ಗಿಡದ ಕೆಳಗಿನ ಕಲ್ಲಿನ ಮೇಲೆ ಕೂತು ತಮ್ಮ ಅಂಗೈ ನೋಡಿಕೊಂಡರು.

"ಅವನಿಗೂ ನನಗೂ ಒಂದೇ ಡಾಕ್ಟರು. ಒಂದೇ ವಾರದಲ್ಲಿ ಹಾಕಿದ್ರು ಸ್ಟೆಂಟು. ನಿನ್ನೆ ಸಾಯಂಕಾಲ ಫೋನಲ್ಲಿ ನನ್ನ ಬೂಟನ್ನ ಆಡ್ಕೊಂಡು ನಗ್ತಾ ಇದ್ದ." ಬರಿಗಾಲನ್ನು ಕಲ್ಲಿನ ಮೇಲೆ ಎಳೆದುಕೊಂಡರು. "ನನಗೆ ಹೆದರಿಕೆ ಆಗ್ತಿದೆ ದೆಹ್ಬಿಯಾ. ಯೆಮ್ಮಾಗೆ ಹೇಳ್ಬೇಡ."

ಹಿಮ ಬಿದ್ದ ತಿರುವುಗಳಲ್ಲಿ ಬ್ರೇಕು ಹಿಡಿಯದ ಬಸ್ಸನ್ನು ಇಳಿಸಿದ ಮನುಷ್ಯ. ಅವರ ಬಾಯಲ್ಲಿ ಈ ಮಾತನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅವರು ಹೆದರದಿದ್ದಾಗ ಬೈಯುವುದು ಸುಲಭವಿತ್ತು. ಈಗ ನನ್ನ ಹೆದರಿಕೆಯ ಜೊತೆಗೆ ಅವರದ್ದೂ ಸೇರಿತು. ಡಬ್ಬಿಯನ್ನು ತೆಗೆದು ಅವರ ಜೇಬಿಗೆ ತುರುಕಿದೆ. ಬೇಡವೆನ್ನಲಿಲ್ಲ.

ಲೂನಿಸ್ ಬಂದದ್ದು ಬಹಳ ಹೊತ್ತಾದ ಮೇಲೆ. ಓಣಿಯ ಕೆಳಗಿನಿಂದಲೇ, "ಏನು, ಈ ಊರಿನ ಹೆಂಗಸರಿಗೆ ಗಂಟಲು ಕಟ್ಟಿದೆಯಾ?" ಎಂದು ಕೂಗಿಕೊಂಡು ಬಂದ. ನಾನು ಓಡಿಹೋಗಿ ಅವನ ಬಾಯಿ ಮುಚ್ಚಿ ವಿಷಯ ಹೇಳಿದೆ. ಅವನು ಅಲ್ಲೇ ಗೋಡೆಗೆ ಹಣೆಯಿಟ್ಟು ಅತ್ತ. ಆಮೇಲೆ ಊರಿನವರೊಬ್ಬರ ಫೋನಿನಿಂದ ಅಮ್ಮನಿಗೆ ತಿಳಿಸಿದೆವು. ಮೊದಲು ಕೂತ್ಕೋ ಎಂದು ಅವಳಿಗೆ ಹೇಳಲಿಲ್ಲ, ಅಪ್ಪ ಚೆನ್ನಾಗಿದ್ದಾರೆ ಎಂಬುದನ್ನೇ ಮೊದಲು ಹೇಳಿದೆ.

ಮಧ್ಯಾಹ್ನದ ನಮಾಜು ಮುಗಿದು ಹೆಣ ಹೊತ್ತ ಜನಾಜಾ ಹೊರಡುವ ಹೊತ್ತಾಯಿತು. ತಿಝಿ ಉಫೆಲ್ಲಾದ ಖಬರಸ್ತಾನ ಇರುವುದು ಊರಿನ ಮೇಲಿನ ದಿಬ್ಬದಲ್ಲಿ. ಆ ದಿನದ ಓಟದಲ್ಲಿ ಎಲ್ಲೂ ಇಲ್ಲದಷ್ಟು ಕಡಿದಾದ ಹಾದಿ ಅದು. ಗಾಡಿ ಹೋಗುವುದಿಲ್ಲ, ಹೆಗಲ ಮೇಲೇ ಒಯ್ಯಬೇಕು. ಅಪ್ಪ ಎದ್ದು ಕೆಂಪು ಬೂಟಿನ ದಾರ ಕಟ್ಟಿಕೊಂಡರು.

"ವಾವಾ, ಬೇಡ. ಹಿಂದೆ ಹಿಂದೆ ನಡ್ಕೊಂಡು ಹೋಗಿ ಸಾಕು."

"ಅಷ್ಟು ವರ್ಷ ನನ್ನ ಬಸ್ಸಿನ ಹಿಂದಿನ ಬಾಗಿಲಲ್ಲಿ ನೇತಾಡ್ದೋನು ಅವನು. ಹೆಗಲು ಕೊಡದೇ ಇರೋಕಾಗತ್ತೇನೇ?"

"ಹಾಗಾದ್ರೆ ನಾನೂ ಬರ್ತೀನಿ."

ಸುತ್ತ ನಿಂತ ಹೆಂಗಸರು ನನ್ನನ್ನೇ ನೋಡಿದರು. ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ, ಮನೆಯ ಬಾಗಿಲಿನಲ್ಲಿ ನಿಲ್ಲುತ್ತಾರೆ. ಅಪ್ಪ ನನ್ನ ಕೆನ್ನೆ ತಟ್ಟಿ ಹೊರಟರು. ನಾನು ಲೂನಿಸ್‌ನ ತೋಳು ಹಿಡಿದು, "ಅವರ ಹಿಂದೇನೇ ಇರು. ನೆರಳಿನ ಹಾಗಿರು. ನಿನ್ನ ಕಾಲು ಹಿಡ್ಕೋತೀನಿ ಕಣೋ" ಎಂದೆ. ಅವನು ಎಂದಿನಂತೆ ಗೇಲಿ ಮಾಡಲಿಲ್ಲ, ತಲೆಯಾಡಿಸಿದ. ಅವನ ಹಸಿರು ಟೋಪಿ ಗುಂಪಿನಲ್ಲಿ ಸೇರಿಹೋಯಿತು.

ಪಕ್ಕ ಬಿಟ್ಟು ಕದಲುವುದಿಲ್ಲವೆಂದು ಮಾತು ಕೊಟ್ಟವಳು ಹೊಸ್ತಿಲಲ್ಲಿ ಕಂಬದಂತೆ ನಿಂತೆ. ಖಾಲ್ತಿ ಜೂಹ್ರಾ ನನ್ನ ಕೈ ಹಿಡಿದರು. "ಬಾ, ತಾರಸಿಗೆ ಹೋಗೋಣ. ಅಲ್ಲಿಂದ ದಿಬ್ಬ ಪೂರ್ತಿ ಕಾಣತ್ತೆ."

ಇಬ್ಬರೂ ತಾರಸಿಯ ಅಂಚಿನಲ್ಲಿ ನಿಂತೆವು. ಜನಾಜಾ ಬೇಗ ಬೇಗ ಏರುತ್ತಿತ್ತು, ಹೆಗಲಿನಿಂದ ಹೆಗಲಿಗೆ ದಾಟುತ್ತ. ಅವರು ತಮ್ಮ ಗಂಡನನ್ನು ನೋಡುತ್ತಿದ್ದರು. ನಾನು ಅದರ ಕೆಳಗೆ ಕೆಂಪು ಬೂಟನ್ನು ಮಾತ್ರ ನೋಡುತ್ತಿದ್ದೆ. ನಾಚಿಕೆಯಾಯಿತು, ಆದರೂ ಕಣ್ಣು ತೆಗೆಯಲಿಲ್ಲ. ಅಪ್ಪ ಮುಂದಿನ ಬಲಗಡೆಯ ಹೆಗಲು ಹಿಡಿದಿದ್ದರು. ಬದಲಾಯಿಸಲು ಬಂದವರಿಗೆ ಬಿಟ್ಟುಕೊಡಲಿಲ್ಲ. ಒಬ್ಬರು ಬಂದರು, ಕೈ ಬೀಸಿ ಕಳಿಸಿದರು. ಇನ್ನೊಬ್ಬರನ್ನೂ ಕಳಿಸಿದರು. ಇನ್ನು ಅರ್ಧ ಹಾದಿ ಇತ್ತು. ನಾನು ಖಾಲ್ತಿಯ ಬೆರಳುಗಳನ್ನು ಎಷ್ಟು ಹಿಸುಕಿದೆನೆಂದರೆ ಅವರು ನನ್ನ ಕಡೆ ತಿರುಗಿದರು.

ಆಗ ಜನಾಜಾ ವಾಲಿತು, ನಿಂತಿತು. ಹಸಿರು ಟೋಪಿ ಮುಂದೆ ನುಗ್ಗಿತು. ಕೆಂಪು ಬೂಟು ಹಾದಿಯ ಪಕ್ಕಕ್ಕೆ ಸರಿದು, ಒಂದು ಬಂಡೆಯ ಹತ್ತಿರ ಕುಸಿಯಿತು.

ಜನಾಜಾ ಮತ್ತೆ ಹೊರಟಿತು. ಲೂನಿಸ್ ಅಪ್ಪನ ಜಾಗದಲ್ಲಿ ಹೆಗಲು ಕೊಟ್ಟು ಹಿಂದೆ ಹಿಂದೆ ತಿರುಗಿ ನೋಡುತ್ತ ಹೋಗುತ್ತಿದ್ದ. ಗುಂಪು ಅಪ್ಪನನ್ನು ದಾಟಿ ಹೋಯಿತು. ಅವರು ಒಬ್ಬರೇ ಉಳಿದರು, ತಲೆ ಮಂಡಿಯ ನಡುವೆ. ಕೈ ಜೇಬಿಗೆ ಹೋಯಿತೇ, ಎದೆಗೆ ಹೋಯಿತೇ, ಅಷ್ಟು ದೂರದಿಂದ ತಿಳಿಯಲಿಲ್ಲ. ನಾನು ಮೆಟ್ಟಿಲ ಕಡೆ ತಿರುಗಿದೆ. ರೀತಿ ರಿವಾಜು ಹಾಳಾಗಲಿ, ಓಡಿಬಿಡುತ್ತೇನೆ ಎಂದು.

"ನಿಲ್ಲು" ಎಂದರು ಖಾಲ್ತಿ ಜೂಹ್ರಾ. "ನೋಡು, ನೋಡು."

ಅಪ್ಪ ತಲೆ ಎತ್ತಿದ್ದರು. ದಿಬ್ಬದ ಮೇಲಿನಿಂದ ಊರಿನ ಮನೆಗಳನ್ನು ಒಂದೊಂದಾಗಿ ಹುಡುಕಿದರು. ನಾನು ಎಲ್ಲೋ ಒಂದು ತಾರಸಿಯ ಮೇಲೆ ನಿಂತಿರುತ್ತೇನೆಂದು ಅವರಿಗೆ ಗೊತ್ತಿತ್ತು. ಕಂಡೆನೇನೋ, ಒಂದು ಕೈ ಎತ್ತಿ ಅಗಲವಾಗಿ ಬೀಸಿದರು. ಆಮೇಲೆ ಎರಡೂ ಕೈಯಿಂದ ತಾವು ಕೂತ ಬಂಡೆಯನ್ನು ತಟ್ಟಿ ತೋರಿಸಿದರು. ಕೂತಿದ್ದೀನಿ ನೋಡು, ಎಂದು.

"ಸದ್ಯ, ಕೂತ" ಎಂದರು ಖಾಲ್ತಿ ಜೂಹ್ರಾ. "ನಮ್ಮೋರು ನಿನ್ನೆ ಪೂರ್ತಿ ಆ ಅಂಜೂರದ ಗಿಡಗಳ ಬುಡ ಅಗೀತಾ ಇದ್ರು. ಕೂತ್ಕೊಳ್ಳಿ ಅಂತ ಎಷ್ಟು ಸಲ ಹೇಳಿದೆ. ಒಂದು ಸಲಾನೂ ಕೂರಲಿಲ್ಲ."

ಹೊಟ್ಟೆಯಿಂದ ಒಂದು ಯುಯು ಎದ್ದು ಗಂಟಲಿಗೆ ಬಂತು. ತಡೆಯಲಾಗದೆ ನಾಲಿಗೆಯವರೆಗೆ ಬಂತು. ನಾನು ಅಂಗೈಯಿಂದ ಬಾಯಿ ಮುಚ್ಚಿಕೊಂಡೆ. ಇನ್ನೊಂದು ಕೈ ಖಾಲ್ತಿ ಜೂಹ್ರಾ ಅವರ ಕೈಯಲ್ಲೇ ಇತ್ತು, ಅವರು ಬಿಡಲಿಲ್ಲ. ಮೇಲೆ ಮೊದಲ ಹಿಡಿ ಮಣ್ಣು ಹಾಕುವವರೆಗೂ ನಾವಿಬ್ಬರೂ ಹಾಗೇ ನಿಂತಿದ್ದೆವು.